ಯಾರ ಎಡ, ಯಾರ ಬಲ?

ತಮ್ಮಾ, ರಾಜಲಾಂಛನದಾಗ ಗುರಾಣಿಗೆ ಅತ್ಲಾಗೊಂದು ಇತ್ಲಾಗೊಂದು ನಿಂತು ಹಿಡ್ಕೊಂಡಿರೋ ಪ್ರಾಣಿಗಳ ಮ್ಯಾಲೆ ನೀ ಕಳ್ಸಿದ ಲೇಖನ ಓದಿದೆ. ಕೊಪ್ಪಳದಾಗ ಕುಂತು ಇಂಥಾದ್ದು ಬರಿಯೋರು ಸಿಗಲ್ಲ, ಖುಷಿ ಆತು. ಐಸ್‌ಲ್ಯಾಂಡಿನ ಗುರಾಣಿಗೆ ಎರಡಲ್ಲ, ನಾಕು ಮಂದಿ ಕಾವಲು ಅಂತ ಬರ್ದಿದ್ದು ಚಲೋ ಐತಿ. ಹೊಗಳಿಕಿ ಇಷ್ಟ ಸಾಕು.

ಸಿಟ್ಟು ಬಂದಿದ್ದು ಮೂರನೇ ಪ್ಯಾರಾಕ್ಕ. ‘ಬ್ರಿಟನ್ನಿನ ಲಾಂಛನದಲ್ಲಿ ಸಿಂಹ ಎಡಕ್ಕಿದೆ.’ ಯಾರ ಎಡಕ್ಕೋ ಮಾರಾಯ? ನೀ ಮೊಬೈಲ್‌ನಾಗ ಫೋಟೋ ನೋಡಿ ನಿನ್ನ ಎಡ ಬರ್ದೀ. ಇಲ್ಲಿ ಎಡ ಬಲ ಅನ್ನೋದು ನೋಡೋನ ಲೆಕ್ಕ ಅಲ್ಲ, ಗುರಾಣಿ ಹಿಂದ ನಿಂತು ಹಿಡ್ಕೊಂಡೋನ ಲೆಕ್ಕ. ಅಂದ್ರ ಇಂಗ್ಲೆಂಡಿನ ಪ್ರಾಣಿ ಸಿಂಹ ಇರೋದು ಬಲಕ್ಕ, ಅದು ಮರ್ಯಾದಿ ಜಾಗ. ಅದರ ಮುಂದಿನ ಸಾಲು, ‘ಆದ್ದರಿಂದ ಇಂಗ್ಲೆಂಡಿಗೆ ಎರಡನೇ ಸ್ಥಾನ’, ಪೂರಾ ಉಲ್ಟಾ ಹೊಡೀತು ನೋಡು. 1603ರಾಗ ಸ್ಕಾಟ್ಲೆಂಡಿನ ರಾಜ ಜೇಮ್ಸ್ ಇಂಗ್ಲೆಂಡಿನ ಗದ್ದುಗಿನೂ ಏರಿದ, ಸ್ಕಾಟ್ಲೆಂಡಿನ ಯೂನಿಕಾರ್ನ್, ಅಂದ್ರ ಕಥಿಯೊಳಗಿನ ಒಂಟಿ ಕೊಂಬಿನ ಕುದ್ರಿ, ಬಂದು ಸಿಂಹದ ಜೋಡಿ ನಿಂತ್ಕೊಂತು, ಆದ್ರ ಸ್ಕಾಟ್ಲೆಂಡಿನಾಗ ಬಳಸೋ ಲಾಂಛನದಾಗ ಇವತ್ತಿಗೂ ಜಾಗ ಅದಲುಬದಲು, ಅಲ್ಲಿ ಯೂನಿಕಾರ್ನೇ ಬಲಕ್ಕ. ಕಥಿ ಇರೋದೇ ಇದ್ರಾಗ, ನೀ ಅದನ್ನ ಬಿಟ್ಟು ‘ಭವ್ಯ’ ಅಂತ ನಾಕ್ ಸಲ ಬರ್ದೀ.

ನಂಗ್ಯಾಕ ಈ ಎಡ-ಬಲದ ಹುಚ್ಚು ಅಂದ್ರ, ನಾ ಕೆಲ್ಸ ಕಲ್ತಿದ್ದು ಗಂಗಾವತ್ಯಾಗ ಅಚ್ಚಿನ ಮೊಳಿ ಜೋಡ್ಸೋ ಒಂದು ಪ್ರೆಸ್ಸಿನಾಗ. ಮೊಳಿಯಾಗ ಅಕ್ಷರ ಎಲ್ಲಾ ಉಲ್ಟಾ ಇರ್ತಾವ, ಉಲ್ಟಾನೇ ಓದಬೇಕು, ಕನ್ನಡಿ ಹಿಡಿದ್ರ ಮಾಲಕರು ಬೈತಿದ್ರು. ಒಂದ್ಸಲ ಮದಿವಿ ಕಾರ್ಡಿನಾಗ ವರನ ಹೆಸ್ರು ವಧು ಕಡಿಗೆ, ವಧು ಹೆಸ್ರು ವರನ ಕಡಿಗೆ ಕೂಡ್ಸಿ ಮುನ್ನೂರು ಕಾರ್ಡ್ ಹೊಡದೆ. ಆ ತಿಂಗಳ ಪಗಾರ ಕಾಗದಕ್ಕ ಹೋತು, ಗಂಡಿನ ಮಾವ ಬಂದು ಅಂದಿದ್ದನ್ನ ಇಲ್ಲಿ ಬರಿಯಾಕ ಆಗಲ್ಲ.

ಇನ್ನೊಂದು. ‘ನಮ್ಮ ಕರ್ನಾಟಕದ ಲಾಂಛನದಲ್ಲೂ ಎರಡು ಸಿಂಹಗಳು ಗಂಡಭೇರುಂಡವನ್ನು ಕಾಯುತ್ತಿವೆ.’ ಸೊಂಡಿಲು ಕಾಣ್ಲಿಲ್ಲೇನಪಾ? ಮೈ ಸಿಂಹದ್ದು, ಮಾರಿ ಆನಿದು, ಅದು ಗಜಕೇಸರಿ. ಬರೇ ಸಿಂಹ ಇರೋದು ಮ್ಯಾಲೆ, ಅಶೋಕನ ಕಂಬದವು. ಹೊಳಿ ದಾಟಿದ್ರ ಹಂಪಿ, ವಿಠ್ಠಲ ಗುಡಿ ಕಂಬದಾಗ ಯಾಳಿ ಮುಂಗಾಲು ಎತ್ತಿ ನಿಂತಾವ, ಇಂಥಾ ಬೆರಕಿ ಪ್ರಾಣಿ ನಮಗ ಹೊಸಾದಲ್ಲ. ಆ ಪ್ಯಾರಾ ಅಲ್ಲಿಂದ ಸುರು ಮಾಡಿದ್ರ ಇಂಗ್ಲೆಂಡಿನ ಪ್ಯಾರಾಕ್ಕಿಂತ ಚಲೋ ಆಕ್ಕಿತ್ತು.

ಮನಿಯಾಗ ಯಾವ್ದರ ಸರ್ಕಾರಿ ಕಾಗದ ಇದ್ರ ತಗದು ಲಾಂಛನ ಸರಿಯಾಗಿ ನೋಡು, ಎರಡೂ ಪ್ಯಾರಾ ತಿದ್ದಿ ಶನಿವಾರದೊಳಗ ಕಳ್ಸು. ನಿನ್ನ ಫೋಟೋನೂ ಬೇಕು, ಸೆಲ್ಫಿ ಬ್ಯಾಡ, ಹೋದ್ಸಲ ಕಳ್ಸಿದ್ರಾಗ ಅಂಗಿ ಮ್ಯಾಲಿನ ಅಕ್ಷರ ಉಲ್ಟಾ ಬಂದಿದ್ವು.