ಬಿಳಿ ಕುಪ್ಯದ ಫೋಟೊ

ಸಲಹೆ ಕೇಳಿ ನನ್ನ ಬಳಿ ಬಂದವಳೊಬ್ಬಳ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 27. ಹಾಸನದ ಕಡೆಯವಳು, ಕೆಲಸ ಮಡಿಕೇರಿಯಲ್ಲಿ. ಮದುವೆಗೆ ಮುಂಚಿನ ಫೋಟೊಶೂಟ್‌ಗೆ ಕೊಡವ ಉಡುಪು ಬಾಡಿಗೆಗೆ ತಂದಿದ್ದರು. ಅವಳಿಗೆ ನೆರಿಗೆ ಹಿಂದಕ್ಕಿರುವ ಸೀರೆ. ಹುಡುಗನಿಗೆ ಬಿಳಿ ಕುಪ್ಯ ಎಂಬ ನಿಲುವಂಗಿ, ಚೇಲೆ ಎಂಬ ಕೆಂಪು ನಡುಪಟ್ಟಿ, ಸೊಂಟದಲ್ಲಿ ಪೀಚೆಕತ್ತಿ ಎಂಬ ಸಣ್ಣ ಕಠಾರಿ. ಕೊನೆಯ ಫೋಟೊದಲ್ಲಿ ಇಬ್ಬರೂ ಆ ಪೀಚೆಕತ್ತಿಯಿಂದಲೇ ಕೇಕ್ ಕತ್ತರಿಸುತ್ತಿದ್ದಾರೆ. ಅದನ್ನು ಸ್ಟೇಟಸ್‌ಗೆ ಹಾಕಿದ ದಿನದಿಂದ ಆರು ವರ್ಷಗಳಿಂದ ಜೊತೆಗಿದ್ದ ಕೊಡವ ಗೆಳತಿ ಮಾತು ಬಿಟ್ಟಿದ್ದಾಳೆ.

"ಇಷ್ಟಪಟ್ಟು ಹಾಕ್ಕೊಂಡ್ವಿ ಮೇಡಂ, ಗೇಲಿ ಮಾಡಿಲ್ಲ. ಅರೆಭಾಷೆ ಗೌಡರೂ ಕುಪ್ಯ ಹಾಕ್ತಾರಲ್ಲ?"

ಕೊಡಗಿನ ಇನ್ನೊಂದು ಸಮುದಾಯವಾದ ಅರೆಭಾಷೆ ಗೌಡರೂ ಹಾಕುತ್ತಾರೆ. ಆದರೆ ಅದು ಅವರ ಮನೆಯ ಮದುವೆಯ ಉಡುಪೂ ಹೌದು, ಸಂಜೆ ಅಂಗಡಿಗೆ ಮರಳುವ ಬಟ್ಟೆಯಲ್ಲ. ಕೊಡವ ಗಂಡಸರು ಸಮಾರಂಭಗಳಲ್ಲಿ ಸಾಮಾನ್ಯವಾಗಿ ತೊಡುವುದು ಕಪ್ಪು ಕುಪ್ಯ. ಬಿಳಿಯದು ಮದುಮಗನಿಗೆ, ಮತ್ತೆ ತೀರಿಕೊಂಡವರಿಗೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವ ಜನ ಅವರು.

ಗೆಳತಿಯ ಮನೆಯಲ್ಲಿ ಈಚೆಗೆ ಏನಾದರೂ ಆಗಿತ್ತೇ ಎಂದು ಕೇಳಿದೆ. ಅವಳ ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಈಕೆಯೂ ಹೋಗಿದ್ದಳು. "ಅವರಿಗೂ ಬಿಳೀದೇ ಹಾಕಿದ್ರು. ಅವಳು ಅದರ ಅಂಚನ್ನು ಮತ್ತೆ ಮತ್ತೆ ಸರಿ ಮಾಡ್ತಿದ್ಳು..." ಎಂದವಳು ಅಲ್ಲಿಗೇ ನಿಲ್ಲಿಸಿ, ಮುಖ ಮುಚ್ಚಿಕೊಂಡಳು.

ತಮ್ಮ ಉಡುಪು ಪ್ರವಾಸಿಗರ ಫೋಟೊದ ಅಲಂಕಾರವಾಗುವುದನ್ನು ನೋಡಿ ನೋಡಿ ಇಲ್ಲಿ ಎಷ್ಟೋ ಜನರ ಮನಸ್ಸು ಹುಣ್ಣಾಗಿದೆ. ಹೊರಗಿನವರ ಕೈಯಿಂದ ಬಿದ್ದಿದ್ದರೆ ಗೆಳತಿ ಆ ಪೆಟ್ಟನ್ನು ಸಹಿಸುತ್ತಿದ್ದಳೇನೋ. ಇದು ಅಂಗಳದಲ್ಲಿ ಜೊತೆಗೆ ನಿಂತು ಅತ್ತವಳಿಂದ ಬಂತು.

ಫೋಟೊ ತೆಗೆಯಲು ಹೇಳಿದೆ. ಕ್ಷಮೆಯನ್ನು ಸ್ಟೇಟಸ್‌ನಲ್ಲಿ ಕೇಳದೆ ಮನೆಗೇ ಹೋಗಿ ಕೇಳಬೇಕು. "ನಮ್ಮ ಉದ್ದೇಶ ಒಳ್ಳೇದಿತ್ತು" ಎಂದು ಶುರುಮಾಡಬಾರದು, ನೊಂದವಳೇ ಸಮಾಧಾನ ಹೇಳಬೇಕಾಗುತ್ತದೆ. ಕತ್ತಿಯ ಬಗ್ಗೆ ತಿಳಿದಿರಲಿಲ್ಲ, ಕುಪ್ಯ ಕಣ್ಣಾರೆ ಕಂಡಿದ್ದರೂ ನೆನಪಾಗಲಿಲ್ಲ, ಅಷ್ಟೇ ಹೇಳಬೇಕು. ಬೈದರೆ ಬೈಸಿಕೊಳ್ಳಬೇಕು.

"ಹಾಗಾದ್ರೆ ಆ ಸೀರೆಯನ್ನೂ ಉಡಬಾರದಾ?"

ಮದುವೆಗೆ ಬಂದ ಗೆಳತಿಯರಿಗೆ ಕೊಡವ ಹೆಂಗಸರೇ ಪಿನ್ ಚುಚ್ಚಿ, ನೆರಿಗೆ ತಿದ್ದಿ ಆ ಸೀರೆ ಉಡಿಸುವುದನ್ನು ನಾನು ನೋಡಿದ್ದೇನೆ. ಅದನ್ನೇ ಹೇಳಿದೆ.

ಮೂರು ವಾರದ ನಂತರ ಮತ್ತೆ ಬಂದಳು. ಮೊದಲ ಸಲ ಗೆಳತಿ ಹೊರಗೇ ಬರಲಿಲ್ಲ, ಅವಳ ತಾಯಿ ಕಾಫಿ ಕೊಟ್ಟು ಕಳಿಸಿದರು. ಎರಡನೇ ಸಲ ಇಬ್ಬರೂ ಜಗಲಿಯಲ್ಲಿ ಕೂತರು, ಹೆಚ್ಚು ಮಾತಾಗಲಿಲ್ಲ. ಮದುವೆಗೆ ಬರುತ್ತೀಯಾ ಎಂದು ಈಗಲೇ ಕೇಳಬೇಡಿ ಎಂದಿದ್ದೆ. ಕೇಳಿಲ್ಲವಂತೆ.