ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿಯಲ್ಲಿರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಜಿಲ್ಲೆಯಂಥದ್ದು) ಇಷ್ಟು ಜನರ ಕೆಲಸ ಹೋದರೂ ಮನೆ ಬೆಲೆ ಯಾಕೆ ಇಳಿಯುತ್ತಿಲ್ಲ?

ಮಾರುವವರೇ ಇಲ್ಲ, ಅದಕ್ಕೆ. 2021ರಲ್ಲಿ 3 ಪರ್ಸೆಂಟ್ ಆಸುಪಾಸಿನ ಬಡ್ಡಿಗೆ 30 ವರ್ಷದ ಸಾಲ ಮಾಡಿದವರು ಇಲ್ಲಿನ ಸನ್ನಿವೇಲ್‌ನಂಥ ಊರುಗಳಲ್ಲಿ ಹಾಯಾಗಿ ಕೂತಿದ್ದಾರೆ. ಅಷ್ಟೇ ಸಾಲಕ್ಕೆ ಬಡ್ಡಿ 7 ಪರ್ಸೆಂಟ್ ಆದರೆ ಕಂತು ಒಂದೂವರೆ ಪಟ್ಟು ದಾಟುತ್ತದೆ. ಸುಮ್ನೆ ಯಾರು ಮನೆ ಬಿಡ್ತಾರೆ?

ಇನ್ನು ಕ್ಯಾಲಿಫೋರ್ನಿಯಾದ ಆಸ್ತಿ ತೆರಿಗೆ ನಿಯಮ, 1978ರ ಪ್ರಪೊಸಿಷನ್ 13. ಮನೆ ಕೈ ಬದಲಾಗುವ ತನಕ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ ಒಂದೇ ಥರದ ಅಕ್ಕಪಕ್ಕದ ಮನೆಗಳಲ್ಲಿ, ಹಳಬರು ಕಟ್ಟುವ ತೆರಿಗೆ ಹೊಸಬರು ಕಟ್ಟುವುದರ ಕಾಲು ಭಾಗವೂ ಇರಲಿಕ್ಕಿಲ್ಲ! ಅದನ್ನು ಬಿಟ್ಟು ಮಾರಲು ಹಳಬರಿಗೆ ಮನಸ್ಸಾಗುವುದಿಲ್ಲ.

ಕೊಳ್ಳುವವರ ದುಡ್ಡು ಬರುವುದು ಬರೀ ಸಂಬಳದಿಂದಲ್ಲ, ಕೆಲಸ ಮಾಡುವ ಕಂಪನಿ ಕೊಡುವ ಷೇರುಗಳಿಂದಲೂ. ಚಿಪ್ ಕಂಪನಿ ಎನ್‌ವಿಡಿಯಾ ಇರುವುದು ಇದೇ ಕೌಂಟಿಯಲ್ಲಿ ಅಲ್ವಾ? ನನ್ನ ಪ್ರಕಾರ ಷೇರುಪೇಟೆ ಜೋರಾಗಿ ಬಿದ್ದರೆ ಮಾತ್ರ ಬೆಲೆ ಅಲುಗಾಡುತ್ತದೆ. ಆದರೆ ನೀವು ಎಚ್-1ಬಿ ವೀಸಾದಲ್ಲಿ (ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ವೀಸಾ) ಇದ್ದರೆ ಮನೆ ಕೊಳ್ಳಲು ಅವಸರ ಬೇಡ. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ.