ಸಂಪಾದಕರ ಉತ್ತರ: ಮೇಷ್ಟ್ರೇ, ಆ ಖೋಖೋ ಹುಡುಗಿಯರ ಬಗ್ಗೆ ಬರೆಯಿರಿ

ಹೊಸನಗರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದಲ್ಲಿ ಇರುವುದು ಇಷ್ಟು. ಅವರು ಹೈಸ್ಕೂಲು ದಿನಗಳಿಂದ ಕರ್ನಾಟಕದ ರಣಜಿ ತಂಡದ ಅಭಿಮಾನಿ. 2008ರಿಂದ ಆರ್‌ಸಿಬಿ. ಆಮೇಲೆ ಕಬಡ್ಡಿಯ ಬೆಂಗಳೂರು ಬುಲ್ಸ್, ಕ್ರಿಕೆಟ್‌ನ ಶಿವಮೊಗ್ಗ ಲಯನ್ಸ್ ಕೂಡ ಸೇರಿಕೊಂಡವು. ನೋಡಿದ್ದರಲ್ಲಿ ಸೋಲೇ ಜಾಸ್ತಿ. ರಜೆಗೆ ಬಂದಿದ್ದ ಮೊಮ್ಮಗ, ‘ಅಜ್ಜಯ್ಯಾ, ಸೋಲೋ ಟೀಮನ್ನೇ ಹುಡುಕಿ ಹುಡುಕಿ ಯಾಕೆ ನೋಡ್ತೀಯ?’ ಅಂತ ಕೇಳಿದನಂತೆ. ಅವನು ಐಪಿಎಲ್‌ನಲ್ಲಿ ಮುಂಬೈ ತಂಡದ ಕಡೆ. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. 2025ರಲ್ಲಿ ಆರ್‌ಸಿಬಿಗೆ ಐಪಿಎಲ್ ಕಪ್ ಬಂದಾಗಲೂ ಪೂರ್ತಿ ಖುಷಿಪಡಲು ಆಗಲಿಲ್ಲ ಅಂತ ಬರೆದಿದ್ದಾರೆ. ಕೊನೆಯ ಸಾಲಿನ ಪ್ರಶ್ನೆ: ‘ಸೋಲುವವರ ಹಿಂದೆ ಹೋದ ಇಷ್ಟು ವರ್ಷ ದಂಡವಾಯಿತಾ?’

ಮೇಷ್ಟ್ರೇ, ನಮಸ್ಕಾರ.

ದಂಡವಾಗಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. ಅದನ್ನು ನೀವು ಎರಡು ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನಿಮ್ಮ ಸಂಕಟದ ಮಾತು. ಅದು ನನಗೂ ಗೊತ್ತು. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣ. ಕೋಲ್ಕತ್ತಾದ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮ ಇಡೀ ತಂಡ ಸೇರಿ 82. ಅವತ್ತೇ ಟೀವಿ ಆರಿಸಿ ‘ಇದು ನಮಗಲ್ಲ’ ಅನ್ನಬಹುದಿತ್ತು. ನೀವು ಅನ್ನಲಿಲ್ಲ. ಮರು ವರ್ಷ ತಂಡ ಫೈನಲ್‌ಗೆ ಹೋಯಿತು. ಜೋಹಾನ್ಸ್‌ಬರ್ಗ್‌ನಲ್ಲಿ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದರು. ಪಂದ್ಯಶ್ರೇಷ್ಠರೂ ಅವರೇ. ಆದರೂ ಸೋತೆವು, ಆರು ರನ್ನಿಗೆ. 2011ರಲ್ಲಿ ಮತ್ತೆ ಫೈನಲ್, ಚೆನ್ನೈನಲ್ಲಿ ಮತ್ತೆ ಸೋಲು.

2016ರದ್ದು ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತದೆ. ಆ ವರ್ಷ ಕೊಹ್ಲಿ 973 ರನ್ ಮಾಡಿದ್ದರು. ಫೈನಲ್ ಬೆಂಗಳೂರಿನಲ್ಲೇ. ನಾನು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿದ್ದೆ. ಮೇ ಕೊನೆಯ ವಾರ, ಸಂಜೆಯಿಂದಲೇ ಗುಡುಗು. ಹೈದರಾಬಾದ್ 208 ಹೊಡೆದಿತ್ತು. ಗೇಲ್, ಕೊಹ್ಲಿ ಸೇರಿ ಮೊದಲ ವಿಕೆಟ್‌ಗೆ 114 ಮಾಡಿದರು. ಗೇಲ್ ಔಟಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಹಿಂದೆಯೇ ಮೊಬೈಲ್ ಟವರ್ ಕೂಡ ಹೋಯಿತು. ಉಳಿದಿದ್ದು ಲ್ಯಾಂಡ್‌ಲೈನ್ ಒಂದೇ. ಶಿವಮೊಗ್ಗದಲ್ಲಿದ್ದ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆವು. ಅವನು ಟೀವಿ ಮುಂದೆ ರಿಸೀವರ್ ಹಿಡಿದು ಕೂತ. ಇತ್ತ ಅಪ್ಪಯ್ಯ ರಿಸೀವರ್ ಕಿವಿಗಿಟ್ಟುಕೊಂಡು ನಿಂತರು. ಅವನು ಹೇಳಿದ್ದನ್ನು ಅಪ್ಪಯ್ಯ ಕತ್ತಲೆಯಲ್ಲಿ ಕೂತ ನಮಗೆ ಹೇಳಬೇಕು. ‘ಕೊಹ್ಲಿ ಹೋದ.’ ಸ್ವಲ್ಪ ಬಿಟ್ಟು, ‘ಡಿವಿಲಿಯರ್ಸೂ ಹೋದ.’ ಆಮೇಲೆ ಬರೀ ಹ್ಞೂಂ, ಹ್ಞೂಂ. ಕೊನೆಗೆ ಏನೂ ಹೇಳದೆ ರಿಸೀವರ್ ಇಟ್ಟರು. ನಾವೂ ಕೇಳಲಿಲ್ಲ. ಅಮ್ಮ ಬ್ಯಾಟರಿ ಹಿಡಿದು ಅಡುಗೆಮನೆಗೆ ಹೋಗಿ ಅನ್ನ ಬಿಸಿ ಮಾಡಿದರು. ಎಂಟು ರನ್ನಿಗೆ ಸೋತದ್ದು ಅಂತ ಗೊತ್ತಾಗಿದ್ದು ಊಟಕ್ಕೆ ಕೂತ ಮೇಲೆ.

ಮರುದಿನ ಮಧ್ಯಾಹ್ನ ಪೇಪರ್ ಬಂದಾಗ ಅಪ್ಪಯ್ಯ ಮೊದಲು ತೆಗೆದಿದ್ದು ಆಟದ ಪುಟವನ್ನೇ. ಸೋತ ಪಂದ್ಯದ ವರದಿಯನ್ನು ಎರಡು ಸಲ ಓದಿದರು.

ನಿಮ್ಮ ಮೊಮ್ಮಗನನ್ನು ಬೈಯಬೇಡಿ. ಅವನ ಪ್ರಶ್ನೆ ಸರಿಯಾಗಿದೆ. ನೀವೂ ಅವನಿಗೊಂದು ಪ್ರಶ್ನೆ ಕೇಳಿ. ಅವನ ಮುಂಬೈ 2022ರಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. 2024ರಲ್ಲೂ ಅಷ್ಟೇ. ಆಗ ಅವನು ತಂಡ ಬದಲಾಯಿಸಿದನಾ? ಬದಲಾಯಿಸಿಲ್ಲ ಅಂದರೆ ಅವನು ನಿಮ್ಮ ಮೊಮ್ಮಗನೇ.

ಒಂದು ಕಡೆ ಮಾತ್ರ ನಿಮ್ಮ ಮಾತು ಒಪ್ಪಲಾರೆ. ನಾಲ್ಕು ತಂಡದ ಸೋಲನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಅವು ಬೇರೆ ಬೇರೆ.

ಆರ್‌ಸಿಬಿ ಹರಾಜಿನಲ್ಲಿ ಕಟ್ಟಿದ ತಂಡ. ವರ್ಷಗಟ್ಟಲೆ ದುಡ್ಡೆಲ್ಲ ದೊಡ್ಡ ಬ್ಯಾಟ್ಸ್‌ಮನ್‌ಗಳಿಗೆ ಹೋಯಿತು. ಕೊನೆಯ ಓವರುಗಳಿಗೆ ನಂಬುವಂಥ ಬೌಲರ್ ಇರುತ್ತಿರಲಿಲ್ಲ. 200 ಹೊಡೆದೂ ಸೋಲುವುದು ಅದಕ್ಕೇ. ನಮ್ಮ ಕೆ.ಎಲ್. ರಾಹುಲ್ ಅವರನ್ನೇ 2018ರ ಹರಾಜಿನಲ್ಲಿ ಬಿಟ್ಟುಕೊಟ್ಟರು. ನಿಮ್ಮ ಸಿಟ್ಟು ಹುಚ್ಚು ಅಭಿಮಾನಿಯ ಸಿಟ್ಟಲ್ಲ, ಲೆಕ್ಕ ಗೊತ್ತಿದ್ದವರ ಸಿಟ್ಟು. 2025ರಲ್ಲಿ ಗೆದ್ದಿದ್ದೂ ಬೌಲಿಂಗಿನಿಂದಲೇ ಅಲ್ವಾ? ಹೇಜಲ್‌ವುಡ್, ಭುವನೇಶ್ವರ್ ಇದ್ದರು. ಫೈನಲ್‌ನಲ್ಲಿ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ನಲ್ಲಿ ಬರೀ 17 ರನ್ ಕೊಟ್ಟು 2 ವಿಕೆಟ್ ತೆಗೆದರು. ಗೆಲುವಿನ ಅಂತರ ಎಷ್ಟು? ಆರು ರನ್. 2009ರಲ್ಲಿ ನಮ್ಮ ಕೈತಪ್ಪಿದ್ದೂ ಅಷ್ಟೇ.

ಬುಲ್ಸ್ ವಿಷಯ ಜಾಸ್ತಿ ಬರೆಯುವುದಿಲ್ಲ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದನ್ನು ನೋಡಿದವರು, ಹನ್ನೊಂದನೇ ಸೀಸನ್‌ನಲ್ಲಿ ಅದೇ ತಂಡ ಕೊನೆಯ ಸ್ಥಾನಕ್ಕೆ ಬಿದ್ದಿದ್ದನ್ನೂ ನೋಡಬೇಕಾಯಿತು.

ಶಿವಮೊಗ್ಗ ಲಯನ್ಸ್ ಬಗ್ಗೆ ನನ್ನ ಬೇಸರ ಬೇರೆ. ಅದು ಆಡುವ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ 2022ರಲ್ಲಿ ಶುರುವಾಯಿತು. ಮೊದಲ ನಾಲ್ಕು ವರ್ಷದ ಕಪ್ ಗುಲ್ಬರ್ಗ, ಹುಬ್ಬಳ್ಳಿ, ಮೈಸೂರು, ಮಂಗಳೂರು ತಂಡಗಳಿಗೆ ಹೋಯಿತು. ನಮಗೆ ಸಿಗಲಿಲ್ಲ, ಪರವಾಗಿಲ್ಲ. ಆದರೆ ಆ ನಾಲ್ಕು ವರ್ಷದಲ್ಲಿ ಶಿವಮೊಗ್ಗದ ಹೆಸರಿನ ತಂಡ ಶಿವಮೊಗ್ಗದಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಎಲ್ಲ ಬೆಂಗಳೂರು, ಮೈಸೂರಿನಲ್ಲೇ. ಊರಿನ ಮಕ್ಕಳು ಆ ಜೆರ್ಸಿಯನ್ನು ಕಣ್ಣಾರೆ ಕಾಣದೆ ಅಭಿಮಾನಿಗಳಾಗುವುದು ಹೇಗೆ? ನವುಲೆಯಲ್ಲಿ ಒಳ್ಳೆಯ ಮೈದಾನ ಇದೆ. ವರ್ಷಕ್ಕೆ ಎರಡು ಪಂದ್ಯ ಇಲ್ಲಿ ಆಡಿಸಲಿ. ಸೋತರೂ ನಮ್ಮ ಕಣ್ಣೆದುರು ಸೋಲಲಿ. ಇದನ್ನು ನಾವು ಈ ಪತ್ರಿಕೆಯಲ್ಲಿ ಮತ್ತೆ ಮತ್ತೆ ಕೇಳುತ್ತೇವೆ.

ಇನ್ನು ರಣಜಿ. ಅದು ನಮ್ಮ ಮನೆಯ ತಂಡ. ನೀವು ಹೈಸ್ಕೂಲಿನಲ್ಲಿದ್ದಾಗ ರೇಡಿಯೊ ಕೇಳುತ್ತಿದ್ದೆ ಅಂತ ಬರೆದಿದ್ದೀರಿ. ಆಗ ಬಾಂಬೆ 15 ವರ್ಷ ಸತತ ಗೆದ್ದಿತ್ತು. ಬೇರೆ ರಾಜ್ಯದವರಿಗೆ ರಣಜಿ ಅಂದರೆ ಸೋಲಲು ಹೋಗುವ ಜಾಗ. 1973–74ರಲ್ಲಿ, ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಅಂತ ಆಡಿದ ಮೊದಲ ವರ್ಷವೇ, ಸೆಮಿಫೈನಲ್‌ನಲ್ಲಿ ಆ ಸರಪಳಿ ತುಂಡಾಯಿತು. 162 ಹೊಡೆದವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. ಆ ಸಲದ ಕಪ್ ನಮ್ಮದಾಯಿತು. ಈ ಕಥೆಯನ್ನು ನೀವು ಮೊಮ್ಮಗನಿಗೆ ಹೇಳಿಯೇ ಇರುತ್ತೀರಿ.

ಹೇಳಬೇಕಾದ ಇನ್ನೊಂದು ಕಥೆ ಮೈಸೂರಿನದು. 2010ರ ಜನವರಿ, ರಣಜಿ ಫೈನಲ್, ಮಾನಸಗಂಗೋತ್ರಿಯ ಮೈದಾನ, ಎದುರಿಗೆ ಮುಂಬೈ. ಮೊದಲ ಇನಿಂಗ್ಸ್‌ನಲ್ಲಿ ನಮ್ಮವರು 130ಕ್ಕೆ ಆಲೌಟ್. ಎರಡನೆಯದರಲ್ಲಿ 338 ಬೇಕು. ಮನೀಶ್ ಪಾಂಡೆ 144 ಹೊಡೆದರು. ಗೆದ್ದೇಬಿಟ್ಟೆವು ಅನ್ನುವಾಗ 331ಕ್ಕೆ ಮುಗಿಯಿತು. ಅಲ್ಲೂ ಆರು ರನ್! ಆ ಸೋಲು ತಿಂದ ಹುಡುಗರೇ ಮುಂದೆ ಕಪ್ ತಂದರು. ಅವತ್ತು ಆಡಿದ್ದ ವಿನಯ್ ಕುಮಾರ್ ನಾಯಕರಾಗಿ 2013–14ರಲ್ಲಿ ಗೆಲ್ಲಿಸಿದರು, 2014–15ರಲ್ಲಿ ಮತ್ತೆ ಗೆಲ್ಲಿಸಿದರು. ಆ ಎರಡನೇ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದರು.

ಆಮೇಲೆ ಹತ್ತು ವರ್ಷ ರಣಜಿ ಕಪ್ ಈ ಕಡೆ ಮುಖ ಹಾಕಲಿಲ್ಲ. ಕರುಣ್ ಕಥೆ ನಿಮಗೆ ಗೊತ್ತು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದವರು ಭಾರತ ತಂಡದಿಂದ ಹೊರಗಾದರು, ಕರ್ನಾಟಕ ತಂಡದಿಂದಲೂ ಹೊರಗಾದರು. ‘ಕ್ರಿಕೆಟ್, ಇನ್ನೊಂದು ಅವಕಾಶ ಕೊಡು’ ಅಂತ 2022ರಲ್ಲಿ ಎಲ್ಲರೆದುರು ಕೇಳಿಕೊಂಡರು. ವಿದರ್ಭಕ್ಕೆ ಹೋಗಿ ರಣಜಿ ಗೆದ್ದರು. ಎಂಟು ವರ್ಷದ ಮೇಲೆ ಭಾರತಕ್ಕೆ ಮತ್ತೆ ಟೆಸ್ಟ್ ಆಡಿದರು. ವಾಪಸ್ ಕರ್ನಾಟಕಕ್ಕೆ ಬಂದು, 2025ರ ಅಕ್ಟೋಬರ್‌ನಲ್ಲಿ ನಮ್ಮ ನವುಲೆಯಲ್ಲೇ ಗೋವಾ ವಿರುದ್ಧ ಔಟಾಗದೆ 174 ಹೊಡೆದರು. ನಿಮ್ಮ ಮನೆಯಿಂದ ಬೆಳಗಿನ ಬಸ್ ಹಿಡಿದರೆ ಊಟದ ಹೊತ್ತಿಗೆ ಮೊದಲೇ ನವುಲೆ. ನೀವು ಹೋಗಿರಲಿಲ್ಲ ಅಂತ ಪತ್ರದಿಂದ ತಿಳಿಯಿತು. ಮುಂದಿನ ಸಲ ಖಂಡಿತ ಹೋಗಿ, ಮೊಮ್ಮಗನನ್ನೂ ಕರೆದುಕೊಂಡು ಹೋಗಿ.

ಯಾಕೆ ಒತ್ತಾಯ ಮಾಡುತ್ತೇನೆ ಅಂದರೆ, 2024ರ ಸಂಕ್ರಾಂತಿ ದಿನ ನಾನು ಅಲ್ಲಿದ್ದೆ. ಜೇಬಲ್ಲಿ ಎಳ್ಳು ಬೆಲ್ಲದ ಪೊಟ್ಟಣ ಇತ್ತು. ಹತ್ತೊಂಬತ್ತು ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್, ಕೊನೆಯ ದಿನ. ಮುಂಬೈ 380 ಮಾಡಿತ್ತು. ನಮ್ಮ ಪ್ರಖರ್ ಚತುರ್ವೇದಿ 638 ಬಾಲ್ ಆಡಿ 404 ನಾಟೌಟ್. ಆ ಫೈನಲ್‌ನಲ್ಲಿ ಅದಕ್ಕೂ ಮೊದಲು ಯಾರೂ 400 ಹೊಡೆದಿರಲಿಲ್ಲ. ಕರ್ನಾಟಕ 8 ವಿಕೆಟ್‌ಗೆ 890. ಆ ಟ್ರೋಫಿ ನಮಗೆ ಬಂದಿದ್ದೂ ಅದೇ ಮೊದಲು. ಆದರೆ ನನ್ನ ಕಣ್ಣು ಪದೇ ಪದೇ ಹೋಗುತ್ತಿದ್ದದ್ದು ಮುಂಬೈ ಹುಡುಗರ ಕಡೆ. ಬೌಂಡರಿ ಹತ್ತಿರ, ನನ್ನ ಎದುರಿಗೇ ಒಬ್ಬ ನಿಂತಿದ್ದ. ಪ್ಯಾಂಟಿನ ಮಂಡಿ ಎರಡೂ ಕೆಂಪು ಮಣ್ಣು. ಗೆಲ್ಲುವುದಿಲ್ಲ ಅಂತ ಅವನಿಗೆ ಯಾವಾಗಲೋ ಗೊತ್ತಾಗಿದೆ. ಆದರೂ ಬಾಲ್ ತನ್ನ ಕಡೆ ಬಂದಾಗಲೆಲ್ಲ ಓಡಿ, ಬಿದ್ದು, ಒಂದು ರನ್ ಉಳಿಸುತ್ತಿದ್ದ. 800 ಆದ ಮೇಲೆ ಒಂದು ರನ್ ಉಳಿಸಿ ಏನಾಗಬೇಕು? ಅವನು ಉಳಿಸುತ್ತಿದ್ದ. ಟೀವಿಯಲ್ಲಿ ಇದು ಕಾಣುವುದಿಲ್ಲ ಮೇಷ್ಟ್ರೇ. ಟೀವಿಯಲ್ಲಿ ಸೋಲು ಅಂದರೆ ಒಂದು ಅಂಕಿ. ಮೈದಾನದಲ್ಲಿ ಅದು ಒಬ್ಬ ಹುಡುಗನ ಕೆಲಸ. ಅವತ್ತಿನಿಂದ ಸೋತ ತಂಡ ನೋಡುವ ನನ್ನ ಕಣ್ಣೇ ಬೇರೆಯಾಯಿತು.

2025ರ ಖುಷಿಯ ಮಾತು. ಜೂನ್ 3ರ ರಾತ್ರಿ ಕಪ್ ಬಂತು. ಹದಿನೆಂಟನೇ ಪ್ರಯತ್ನ. ನಮ್ಮ ಬೀದಿಯಲ್ಲಿ ಪಟಾಕಿ, ಕೇಸರಿಬಾತು ಎಲ್ಲ ಆಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ತಂಡವನ್ನು ಒಂದು ಸಲ ಹತ್ತಿರದಿಂದ ನೋಡಬೇಕು ಅಂತ ಹೋದವರು. ನಮ್ಮ ನಿಮ್ಮ ಮನೆಯ ಮಕ್ಕಳಂಥವರು. ಆ ಕಪ್ ನೆನೆದಾಗ ಗಂಟಲು ಕಟ್ಟುತ್ತದೆ ಅಂತ ಬರೆದಿದ್ದೀರಿ. ನನಗೂ ಹಾಗೇ. ಅದನ್ನು ಕಳೆದುಕೊಳ್ಳಲು ಹೋಗಬೇಡಿ. ನಿಮಗೆ ಆಟ ಬೇಕು, ಆಡುವವರೂ ನೋಡುವವರೂ ಕ್ಷೇಮವಾಗಿ ಮನೆಗೆ ಹೋಗುವುದೂ ಬೇಕು. ಅದರಲ್ಲಿ ತಪ್ಪೇನಿದೆ?

ನನಗೆ ಕಲ್ಮಶವಿಲ್ಲದ ಖುಷಿ ಸಿಕ್ಕಿದ್ದು ಅದಕ್ಕೂ ಮೊದಲು, 2024ರ ಮಾರ್ಚ್‌ನಲ್ಲಿ. ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳು ದೆಹಲಿಯನ್ನು ದೆಹಲಿಯಲ್ಲೇ ಸೋಲಿಸಿದಾಗ. ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ತೆಗೆದಿದ್ದರು. ಮೊದಲ ಕಪ್ ತಂದವರು ಅವರು ಅನ್ನುವುದನ್ನು ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಸೇರಿಸಿಕೊಳ್ಳಿ.

ಈಗ ನೀವು ಮರೆಸಿದ ಆ ಎರಡು ಸಾಲು. ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ನಾನು ಶಾಲೆಯಲ್ಲಿದ್ದಾಗ ಹೆಣ್ಣುಮಕ್ಕಳ ಖೋಖೋ ತಂಡವನ್ನು ಹನ್ನೊಂದು ವರ್ಷ ತಾಲ್ಲೂಕಿಗೆ ಕರೆದುಕೊಂಡು ಹೋದೆ, ಒಂದು ಸಲವೂ ಜಿಲ್ಲೆಗೆ ಆಯ್ಕೆಯಾಗಲಿಲ್ಲ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಬನ್ನು, ಟೀ ಕೊಡಿಸುತ್ತಿದ್ದೆ. ಅದಿರಲಿ, ವಿಷಯಕ್ಕೆ ಬರುತ್ತೇನೆ.’

ಅದಿರಲಿ ಅಂದುಬಿಟ್ಟಿರಲ್ಲ! ನನಗೆ ಅದೇ ವಿಷಯ. ಹನ್ನೊಂದು ಮಳೆಗಾಲ. ಆಗಸ್ಟ್‌ನ ಜಡಿಮಳೆಯಲ್ಲಿ ಹೋಬಳಿ ಮಟ್ಟ, ಅಲ್ಲಿ ಗೆದ್ದು ತಾಲ್ಲೂಕು ಮಟ್ಟ. ಕೆಸರು ಅಂಕಣ. ಒಂದೇ ಜೊತೆ ಯೂನಿಫಾರ್ಮ್, ರಾತ್ರಿ ಒಲೆಯ ಮೇಲೆ ಒಣಗಿಸಿ ಬೆಳಿಗ್ಗೆ ಹಾಕಿಕೊಂಡ ಹುಡುಗಿಯರು. ನಾನೂ ಇಂಥದೇ ಶಾಲೆಯಲ್ಲಿ ಓದಿದವನು, ನನಗೆ ಕಾಣುತ್ತದೆ. ಸೋತ ಹುಡುಗಿಯರನ್ನು ಮರು ವರ್ಷ ಮತ್ತೆ ಸಾಲಾಗಿ ಕೂರಿಸಿ ಖೋ ಹೇಳಿಸಿದಿರಿ. ಹನ್ನೊಂದು ಸಲ. ಅದು ದಂಡ ಅಂತ ನಿಮಗೆ ಒಂದು ದಿನವಾದರೂ ಅನ್ನಿಸಿತಾ? ಅನ್ನಿಸಿದ್ದರೆ ಬನ್ನು ಕೊಡಿಸುತ್ತಿರಲಿಲ್ಲ. 2025ರ ಜನವರಿಯಲ್ಲಿ ಭಾರತದ ಹೆಣ್ಣುಮಕ್ಕಳು ಖೋಖೋ ವಿಶ್ವಕಪ್ ಗೆದ್ದಾಗ ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಅವರ ಓಟ ನೋಡುವಾಗ ನಿಮಗೆ ನಿಮ್ಮ ಹುಡುಗಿಯರು ನೆನಪಾಗಿರಲೇಬೇಕು.

ಮೊಮ್ಮಗನ ಪ್ರಶ್ನೆಗೆ ಉತ್ತರ ಕ್ರಿಕೆಟ್‌ನಲ್ಲಿ ಹುಡುಕಬೇಡಿ. ಅವನಿಗೆ ಈ ಹನ್ನೊಂದು ವರ್ಷದ ಕಥೆ ಹೇಳಿ.

ಹೇಳಿದ ಮೇಲೆ ನಮಗೂ ಬರೆದು ಕಳಿಸಿ. ಎಲ್ಲರಿಗಿಂತ ಚೆನ್ನಾಗಿ ಓಡುತ್ತಿದ್ದವಳು ಯಾರು, ಯಾವ ವರ್ಷ ಗೆಲುವು ಹತ್ತಿರ ಬಂದು ತಪ್ಪಿತು, ಬಸ್ಸಿನಲ್ಲಿ ಏನು ಮಾತಾಡುತ್ತಿದ್ದರು, ಈಗ ಅವರೆಲ್ಲ ಎಲ್ಲಿದ್ದಾರೆ. ಪುಟದ ಲೆಕ್ಕ ಇಟ್ಟುಕೊಳ್ಳಬೇಡಿ. ತಂಡದ ಫೋಟೋ ಇದ್ದರೆ ಅದನ್ನೂ ಇಡಿ, ಜೋಪಾನವಾಗಿ ವಾಪಸ್ ಕಳಿಸುತ್ತೇವೆ.